ಕಾರಿನ ಮೈಗೆ ಕಾವಲು: ಹೊಳಪಿಗೆ ಹಣ ಕಟ್ಟುವ ಮುನ್ನ

ಮದ್ರಸಾದ ಉಸ್ತಾದರೆಂದರೆ ಜನ ಏನು ಬೇಕಾದರೂ ಕೇಳುತ್ತಾರೆ. ಮಗುವಿಗೆ ಯಾವ ಹೆಸರಿಡಬೇಕು, ಮಗಳನ್ನು ಪಿಯುಸಿಯಲ್ಲಿ ಸೈನ್ಸಿಗೆ ಹಾಕೋದಾ ಕಾಮರ್ಸಿಗಾ, ಬೋರ್‌ವೆಲ್ ಎಲ್ಲಿ ತೆಗೆಸೋದು... ಎಲ್ಲದಕ್ಕೂ ನಮ್ಮ ಬಳಿ ಉತ್ತರ ಉಂಟು ಎಂದು ಅವರ ನಂಬಿಕೆ. ನಾವೂ ಕೆಲವೊಮ್ಮೆ ಗೊತ್ತಿಲ್ಲದ ವಿಷಯಕ್ಕೆ ತಲೆಯಾಡಿಸಿಬಿಡುತ್ತೇವೆ. ಹಾಗೆ ತಲೆಯಾಡಿಸಿದ ಒಂದು ದಿನಕ್ಕೆ ನಮ್ಮ ಭಾವ 28 ಸಾವಿರ ರೂಪಾಯಿ ತೆತ್ತರು.

ಭಾವ ದಮ್ಮಾಮಿನಲ್ಲಿ 12 ವರ್ಷ ದುಡಿದು ಬಂದವರು. ಊರು ಉಳ್ಳಾಲದ ಕಡೆ, ಈಗ ಸಂಸಾರ ಹೂಟಗಳ್ಳಿಯಲ್ಲಿ. ಉಳಿಸಿದ ದುಡ್ಡಿನಲ್ಲಿ ಸಾಲ ಮಾಡದೆ ಒಂದು ಕಾರು ತೆಗೆದರು. ಆ ಮನೆಗೆ ಅದು ಮೊದಲ ಕಾರು. ಡೆಲಿವರಿಯ ದಿನ ನಾವೂ ಜೊತೆಗೆ ಹೋಗಿದ್ದೆವು. ಎಲ್ಲ ಕಾಗದಕ್ಕೆ ಸಹಿ ಆದ ಮೇಲೆ ಶೋರೂಮಿನ ಹುಡುಗ ಒಂದು ಬಣ್ಣದ ಪಟ್ಟಿ ಮುಂದಿಟ್ಟ. "ಸೆರಾಮಿಕ್ ಕೋಟಿಂಗ್ ಮಾಡಿಸಿದ್ರೆ ಐದು ವರ್ಷ ಬಣ್ಣದ ಕಡೆ ತಿರುಗಿ ನೋಡೋದೇ ಬೇಡ ಸಾರ್. ಗೀರು ಬೀಳಲ್ಲ, ತುಕ್ಕು ಹಿಡಿಯಲ್ಲ, ತೊಳೆಯೋದೂ ಬೇಕಿಲ್ಲ." ಭಾವ ನಮ್ಮ ಮುಖ ನೋಡಿದರು. "ಉಸ್ತಾದೇ, ಎಂತ ಮಾಡುವ?" ನಾವು ಕೂಡಲೇ "ಒಳ್ಳೆಯದಲ್ವಾ, ಮಾಡಿಸಿ" ಎಂದೆವು.

ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಬಾನೆಟ್ ಮೇಲೆ ಬಿಳಿ ಬಿಳಿ ಉಂಗುರಗಳು. ಬಾಗಿಲ ಮೇಲೆ ಬಿಸಿಲಿಗೆ ಹಿಡಿದರೆ ಜೇಡರ ಬಲೆಯಂಥ ಸಣ್ಣ ಗೀರುಗಳು. ಕೋಟಿಂಗ್ ಮಾಡಿದವರ ಹತ್ತಿರ ಹೋದರೆ, "ಆರು ತಿಂಗಳಿಗೊಮ್ಮೆ ಚೆಕಪ್‌ಗೆ ತರಬೇಕಿತ್ತು, ತಂದಿಲ್ಲ, ವಾರಂಟಿ ಹೋಯ್ತು" ಎಂಬ ಉತ್ತರ. ಕಾಗದ ತೆಗೆದು ಓದಿದರೆ ಹೌದು, ಕೆಳಗೆ ಸಾಸಿವೆ ಗಾತ್ರದ ಅಕ್ಷರದಲ್ಲಿ ಹಾಗೆಯೇ ಬರೆದಿತ್ತು. ಭಾವ ನಮಗೆ ಒಂದು ಮಾತೂ ಅನ್ನಲಿಲ್ಲ. ಅದೇ ನಮಗೆ ಹೆಚ್ಚು ನೋವಾದದ್ದು.

ಈ ವರ್ಷ ಅವರ ಮಗ, ನಮ್ಮ ಅಳಿಯ, ಬಂದು ಕೇಳಿದ. "ಮಾಮ, ಕಾರಿಗೆ ಈ ಸಲ ಎಂತ ಮಾಡಿಸೋದು? ತುಂಬ ವರ್ಷ ಬರುವಂಥದ್ದು ಯಾವುದುಂಟು?" ಈ ಸಲ ನಾವು ತಲೆಯಾಡಿಸಲಿಲ್ಲ. "ಒಂದು ತಿಂಗಳು ಟೈಮ್ ಕೊಡು" ಎಂದೆವು. ಅಸರ್ ಕಳೆದ ಮೇಲೆ ಪೇಂಟರ್‌ಗಳ ಬಳಿ, ವಾಟರ್ ಸರ್ವಿಸ್ ಮಾಡುವವರ ಬಳಿ, ಕೋಟಿಂಗ್ ಅಂಗಡಿಗಳಲ್ಲಿ ಕುಳಿತು ಕೇಳಿದೆವು, ಓದಿದೆವು. ನಮ್ಮ ಹಾಗೆಯೇ ಮೊದಲ ಕಾರು ತೆಗೆಯುವ ಮನೆಗಳು ಬಹಳ ಇರುವುದರಿಂದ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಒಂದು ಹಾಳೆಯಷ್ಟು ದಪ್ಪ

ಮೊದಲು ಕಾಯಬೇಕಾದದ್ದು ಏನು ಎಂದು ತಿಳಿಯಬೇಕು. ಕಾರಿನ ಬಣ್ಣ ಒಂದೇ ಪದರ ಅಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಪ್ರೈಮರ್, ಅದರ ಮೇಲೆ ಇನ್ನೊಂದು ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಗಾಜಿನಂಥ ಕ್ಲಿಯರ್ ಕೋಟ್. ನಾವು ಕಣ್ಣಿಗೆ ಕಾಣುವ ಹೊಳಪು ಎನ್ನುವುದು ಈ ಕ್ಲಿಯರ್ ಕೋಟಿನದ್ದು. ಎಲ್ಲ ಪದರ ಸೇರಿ ದಪ್ಪ ಸುಮಾರು 100ರಿಂದ 140 ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಮದ್ರಸಾ ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆಯನ್ನು ಮುಟ್ಟಿ ನೋಡಿ, ಇಡೀ ಬಣ್ಣ ಹೆಚ್ಚುಕಡಿಮೆ ಅಷ್ಟೇ ದಪ್ಪ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 40–50 ಮೈಕ್ರಾನ್.

ಇಲ್ಲಿ ಒಂದು ಮುಖ್ಯ ವಿಷಯ ಉಂಟು. ಪಾಲಿಶ್ ಬೇರೆ, ಕೋಟಿಂಗ್ ಬೇರೆ. ಕೋಟಿಂಗ್ ಮೇಲೆ ಏನನ್ನೋ ಸೇರಿಸುತ್ತದೆ. ಮೆಷಿನ್ ಹಿಡಿದು ಮಾಡುವ ರಬ್ಬಿಂಗ್ ಪಾಲಿಶ್ ಕ್ಲಿಯರ್ ಕೋಟನ್ನೇ ತೆಳ್ಳಗೆ ಉಜ್ಜಿ ತೆಗೆಯುತ್ತದೆ. ಗೀರಿನ ಅಂಚನ್ನು ಉಜ್ಜಿ ಸಮ ಮಾಡಿದಾಗ ಗೀರು ಕಾಣುವುದಿಲ್ಲ, ಕಾರು ಹೊಸದರಂತೆ ಹೊಳೆಯುತ್ತದೆ. ಆದರೆ ಪ್ರತಿ ಸಲವೂ ಕೆಲವು ಮೈಕ್ರಾನ್ ಹೋಯಿತು. ಪ್ರತಿ ವರ್ಷ ಪಾಲಿಶ್ ಇರುವ ಪ್ಯಾಕೇಜ್ ತೆಗೆದುಕೊಂಡರೆ, ಬಣ್ಣ ಉಳಿಸಲು ಹಣ ಕೊಟ್ಟು ಬಣ್ಣವನ್ನೇ ತೆಗೆಸಿದ ಹಾಗೆ. ಅಗತ್ಯ ಬಿದ್ದಾಗ ಪಾಲಿಶ್ ಮಾಡಿಸಬೇಕು, ಅಭ್ಯಾಸಕ್ಕೆ ಅಲ್ಲ.

ಇಲ್ಲಿಯ ಬಿಸಿಲು, ಊರಿನ ಉಪ್ಪುಗಾಳಿ

ನಮ್ಮ ಮನೆಗಳ ಕಾರಿಗೆ ಎರಡು ಊರಿನ ಕಾಟ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ದಕ್ಷಿಣ ಕನ್ನಡದಲ್ಲಿ 3,500 ಮಿಲಿಮೀಟರಿಗೂ ಹೆಚ್ಚು. ಇಲ್ಲಿ ಬಿಸಿಲು ಮತ್ತು ಧೂಳು, ಅಲ್ಲಿ ನೀರು ಮತ್ತು ಉಪ್ಪು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಊರಿಗೆ ಹೋಗುವ ಕಾರು ಎರಡನ್ನೂ ಮೈಮೇಲೆ ಹೊತ್ತುಕೊಳ್ಳುತ್ತದೆ.

ಹೂಟಗಳ್ಳಿಯಲ್ಲಿ ಏನಾಗುತ್ತದೆ ನೋಡಿ. ಕೆಎಚ್‌ಬಿ ಕಾಲೊನಿಯಲ್ಲಾಗಲಿ ಸುತ್ತಲ ಬಡಾವಣೆಗಳಲ್ಲಾಗಲಿ ಹೆಚ್ಚಿನ ಕಾರುಗಳು ನಿಲ್ಲುವುದು ರಸ್ತೆ ಬದಿಯಲ್ಲಿ. ನೆರಳಿಗೆಂದು ಮರದ ಕೆಳಗೆ ನಿಲ್ಲಿಸಿದರೆ ಹಕ್ಕಿ ಹಿಕ್ಕೆ. ಅದರಲ್ಲಿ ಯೂರಿಕ್ ಆಮ್ಲ ಇರುತ್ತದೆ. ಬಿಸಿಲಿಗೆ ಕ್ಲಿಯರ್ ಕೋಟ್ ಮೆತ್ತಗಾಗಿ ಹಿಗ್ಗುತ್ತದೆ, ರಾತ್ರಿ ತಣ್ಣಗಾದಾಗ ಒಣಗಿದ ಹಿಕ್ಕೆಯ ಸುತ್ತ ಕುಗ್ಗಿ ಗಟ್ಟಿಯಾಗುತ್ತದೆ. ಮಾರನೇ ದಿನ ತೊಳೆದರೂ ಅಚ್ಚು ಉಳಿಯುವುದು ಇದೇ ಕಾರಣಕ್ಕೆ. ಕೈಗಾರಿಕಾ ಪ್ರದೇಶ ಹತ್ತಿರ ಇರುವಲ್ಲಿ ಇನ್ನೊಂದು ಸಮಸ್ಯೆ. ಕಬ್ಬಿಣದ ಸಣ್ಣ ಕಣಗಳು ಬಣ್ಣದ ಮೇಲೆ ಕೂತು ತುಕ್ಕು ಹಿಡಿಯುತ್ತವೆ. ಬಿಳಿ ಕಾರಿನ ಮೇಲೆ ಕಿತ್ತಳೆ ಬಣ್ಣದ ಚುಕ್ಕಿಗಳು ಕಂಡರೆ ಕಾರಿಗೇ ತುಕ್ಕು ಬಂತೆಂದು ಹೆದರಬೇಡಿ, ಹೆಚ್ಚಿನ ಸಲ ಅದು ಹೊರಗಿಂದ ಬಂದು ಕೂತದ್ದು. ನಮ್ಮ ಕಾರಿನ ಬ್ರೇಕ್ ಸವೆದ ಪುಡಿಯೂ ಹೀಗೆಯೇ ಮಾಡುತ್ತದೆ.

ಎಲ್ಲಕ್ಕಿಂತ ದೊಡ್ಡದು ಬೋರ್‌ವೆಲ್ ನೀರು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಇರುತ್ತವೆ. ಮನೆಯ ಬಕೆಟ್ಟಿಗೆ, ಗೀಸರಿಗೆ ಹಿಡಿಯುವ ಬಿಳಿ ಪೊರೆ ಇದರದ್ದೇ. ಬಿಸಿಲಲ್ಲಿ ಕಾರು ತೊಳೆದು ಒರೆಸದೆ ಬಿಟ್ಟರೆ ಪ್ರತಿ ಹನಿ ಒಣಗಿ ಒಂದು ಉಂಗುರ ಬಿಡುತ್ತದೆ. ಭಾವನ ಬಾನೆಟ್ ಮೇಲೆ ಕಂಡದ್ದು ಇದೇ. ಸೆರಾಮಿಕ್ ಹಾಕಿದರೆ ಕಲೆ ಬರುವುದಿಲ್ಲ ಎಂದು ನಾವು ತಿಳಿದಿದ್ದೆವು. ನಿಜ ಬೇರೆ. ಸೆರಾಮಿಕ್ ಮೇಲೆ ನೀರು ಮುತ್ತಿನಂತೆ ಉಂಡೆ ಕಟ್ಟಿ ನಿಲ್ಲುತ್ತದೆ. ಉಂಡೆ ಜಾರಿ ಹೋದರೆ ಒಳ್ಳೆಯದು, ಅಲ್ಲೇ ನಿಂತು ಒಣಗಿದರೆ ಉಂಗುರ ಇನ್ನೂ ಎದ್ದು ಕಾಣುತ್ತದೆ.

ಇನ್ನು ಊರಿನ ದಾರಿ. ಹುಣಸೂರು, ಪಿರಿಯಾಪಟ್ಟಣ, ಮಡಿಕೇರಿ, ಸಂಪಾಜೆ ಘಾಟಿ, ಸುಳ್ಯ, ಪುತ್ತೂರು ದಾಟಿ ಮಂಗಳೂರಿಗೆ ಸುಮಾರು 250 ಕಿಲೋಮೀಟರ್. ಲಾರಿಯ ಹಿಂದೆ ಹೋಗುವಾಗ ಚಿಮ್ಮುವ ಜಲ್ಲಿ ಬಾನೆಟ್ ಅಂಚಿಗೆ ಬಡಿದು ಬಣ್ಣವನ್ನು ತಗಡಿನವರೆಗೆ ಎಬ್ಬಿಸುತ್ತದೆ. ಅಲ್ಲಿಂದ ಉಳ್ಳಾಲ, ಸೋಮೇಶ್ವರದ ಉಪ್ಪುಗಾಳಿಯಲ್ಲಿ ನಾಲ್ಕು ದಿನ ನಿಂತರೆ ಆ ಚುಕ್ಕಿಯಿಂದಲೇ ತುಕ್ಕು ಶುರು. ತುಕ್ಕು ಮೇಲಿನಿಂದ ಬರುವುದು ಕಡಿಮೆ. ಜಲ್ಲಿ ಬಡಿದ ಚುಕ್ಕಿಯಿಂದ, ಕಾರಿನ ಅಡಿಯಿಂದ, ಬಾಗಿಲ ಕೆಳಗಿನ ನೀರು ಹೋಗುವ ತೂತು ಮಣ್ಣಿನಿಂದ ಮುಚ್ಚಿಹೋದಲ್ಲಿಂದ ಬರುತ್ತದೆ. ಬಣ್ಣದ ಮೇಲೆ ಯಾವ ಕೋಟಿಂಗ್ ಹಾಕಿದರೂ ಅದು ಅಡಿಯನ್ನು ಕಾಯುವುದಿಲ್ಲ.

ಬೆರಳಿನ ಶಾಯಿ ಹೇಳುವ ಪಾಠ

ಯಾವುದು ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ತಿಳಿಯಲು ಮೈಸೂರಿನವರು ದೂರ ಹೋಗಬೇಕಿಲ್ಲ. ವೋಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ನಮ್ಮ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಕಾರ್ಖಾನೆಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಅರಗಿನ ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು. 1962ರ ಮಹಾಚುನಾವಣೆಯಿಂದ ಶಾಯಿ ಅಲ್ಲಿಂದಲೇ. ಆ ಶಾಯಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಏಕೆ? ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಮೇಲೆ ಸುಮ್ಮನೆ ಕೂರುವುದಿಲ್ಲ, ಚರ್ಮದ ಉಪ್ಪಿನ ಜೊತೆ ಸೇರಿ ಅಂಟಿಕೊಳ್ಳುತ್ತದೆ. ಆದರೂ ಕೆಲವು ವಾರಗಳಲ್ಲಿ ಹೋಗಿಯೇ ಹೋಗುತ್ತದೆ, ಚರ್ಮವೇ ಹಳೆಯದಾಗಿ ಉದುರುವುದರಿಂದ. ಮೆಹಂದಿಯೂ ಹಾಗೆಯೇ ಅಲ್ಲವೇ?

ಕಾರಿನ ಕೋಟಿಂಗ್‌ಗಳ ವ್ಯತ್ಯಾಸವೂ ಇಷ್ಟೇ. ಕೆಲವು ಮೇಲೆ ಸುಮ್ಮನೆ ಕೂರುತ್ತವೆ, ಕೆಲವು ಅಂಟಿಕೊಳ್ಳುತ್ತವೆ. ಅಂಟಿಕೊಂಡದ್ದು ಹೆಚ್ಚು ದಿನ ಬರುತ್ತದೆ. ಶಾಶ್ವತ ಎನ್ನುವುದು ಯಾವುದೂ ಇಲ್ಲ.

ಅಂಗಡಿಯಲ್ಲಿ ಸಿಗುವುದು ಏನೇನು?

ವ್ಯಾಕ್ಸ್: ಬ್ರೆಜಿಲಿನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಸಿಗುವ ಕಾರ್ನೂಬಾ ಮೇಣ ಇದರಲ್ಲಿ ಹೆಸರುವಾಸಿ. ಹಚ್ಚಿದ ದಿನ ಬಣ್ಣ ಆಳವಾಗಿ ಹೊಳೆಯುತ್ತದೆ. ಸುಮ್ಮನೆ ಮೇಲೆ ಕೂರುವ ಜಾತಿ, ನಮ್ಮ ಬಿಸಿಲಿಗೆ ಕೆಲವು ವಾರ, ಹೆಚ್ಚೆಂದರೆ ಎರಡು ಮೂರು ತಿಂಗಳು. ಡಬ್ಬಿಗೆ 500ರಿಂದ 1,500 ರೂಪಾಯಿ, ಹಲವು ಸಲಕ್ಕೆ ಬರುತ್ತದೆ.

ಸೀಲೆಂಟ್: ಇದು ಕಾರ್ಖಾನೆಯಲ್ಲಿ ತಯಾರಿಸಿದ ಪಾಲಿಮರ್. ವ್ಯಾಕ್ಸಿಗಿಂತ ಬಿಸಿ ತಡೆಯುತ್ತದೆ, ನಾಲ್ಕರಿಂದ ಆರು ತಿಂಗಳು ಬರುತ್ತದೆ. ಮನೆಯಲ್ಲೇ ಹಚ್ಚಬಹುದು. ಬೆಲೆ 800ರಿಂದ 2,000 ರೂಪಾಯಿಯೊಳಗೆ.

ಟೆಫ್ಲಾನ್: ಹೊಸ ಕಾರಿನ ಜೊತೆ ಅತಿ ಹೆಚ್ಚು ಮಾರುವುದು ಈ ಹೆಸರನ್ನು. ಟೆಫ್ಲಾನ್ 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಕಂಡುಹಿಡಿದ ವಸ್ತು, ದೋಸೆ ಅಂಟದ ಕಾವಲಿಗೆ ಹಾಕುವುದು ಅದನ್ನೇ. ಅದು ಕರಗಲು 327 ಡಿಗ್ರಿ ಸೆಲ್ಸಿಯಸ್ ಬೇಕು. ಕಾವಲಿಯನ್ನು ಅಷ್ಟು ಬಿಸಿ ಮಾಡಿ ಹಿಡಿಸುತ್ತಾರೆ. ಕಾರಿನ ಬಣ್ಣವನ್ನು ಅಷ್ಟು ಬಿಸಿ ಮಾಡಿದರೆ ಬಣ್ಣ ಉಳಿಯುತ್ತದಾ? ಹಾಗಾಗಿ ಒಂದು ಗಂಟೆಯಲ್ಲಿ ಬಟ್ಟೆಯಿಂದ ಉಜ್ಜಿ ಕೊಡುವ "ಟೆಫ್ಲಾನ್ ಕೋಟಿಂಗ್" ಕಾವಲಿಯ ಹಾಗೆ ಹಿಡಿದುಕೊಳ್ಳುವುದಿಲ್ಲ. ಅದು ಕೆಲಸ ಮಾಡುವುದು ಒಳ್ಳೆಯ ಸೀಲೆಂಟಿನಷ್ಟು ಮಾತ್ರ.

ಸೆರಾಮಿಕ್: ಮರಳಿನಲ್ಲಿ ಇರುವ ಸಿಲಿಕಾವೇ ಇದರ ಮೂಲ. ದ್ರವವಾಗಿ ಹಚ್ಚಿದ್ದು ಕ್ಲಿಯರ್ ಕೋಟಿಗೆ ಅಂಟಿಕೊಂಡು ಗಾಜಿನಂತೆ ಗಟ್ಟಿಯಾಗುತ್ತದೆ. ಬೆರಳಿನ ಶಾಯಿಯ ಜಾತಿ ಇದು. ದಪ್ಪ ಮಾತ್ರ ಒಂದೆರಡು ಮೈಕ್ರಾನ್. ಸರಿಯಾಗಿ ಮಾಡಿ, ಸರಿಯಾಗಿ ತೊಳೆದರೆ ಎರಡರಿಂದ ಐದು ವರ್ಷ ಬರಬಹುದು. ಬಿಸಿಲಿನ ಕಿರಣ, ಹಿಕ್ಕೆಯ ಆಮ್ಲ, ಕೊಳೆ ಇವುಗಳನ್ನು ತಡೆಯುವುದರಲ್ಲಿ ಒಳ್ಳೆಯದು. ಕೊಳೆ ಗಟ್ಟಿ ಅಂಟುವುದಿಲ್ಲ, ಹಾಗಾಗಿ ತೊಳೆಯುವ ಕೆಲಸ ಹಗುರ. ಜಲ್ಲಿ ಏಟನ್ನು, ಬೀಗದ ಕೈ ಗೀರನ್ನು ತಡೆಯುವುದಿಲ್ಲ. ನಾವು ಕೇಳಿದ ಕಡೆ ಸಣ್ಣ ಕಾರಿಗೆ 12 ಸಾವಿರದಿಂದ 35 ಸಾವಿರದವರೆಗೆ ಹೇಳಿದರು.

ಪಿಪಿಎಫ್: ಇದು ಹಚ್ಚುವುದಲ್ಲ, ಅಂಟಿಸುವುದು. ಟಿಪಿಯು ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ದಪ್ಪ 150ರಿಂದ 200 ಮೈಕ್ರಾನ್. ಅಂದರೆ ನಿಮ್ಮ ಬಣ್ಣಕ್ಕಿಂತಲೂ ದಪ್ಪ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರಿನ ರೆಕ್ಕೆಗೆ ಮರಳು, ಕಲ್ಲು ಬಡಿಯದಂತೆ ಅಂಟಿಸಿದ ಟೇಪಿನಿಂದ ಬೆಳೆದು ಬಂದದ್ದು ಇದು. ಜಲ್ಲಿಯನ್ನು ನಿಜವಾಗಿ ತಡೆಯುವುದು ಇದೊಂದೇ. ಸಣ್ಣ ಗೀರು ಬಿಸಿಲಿಗೆ ತಾನೇ ಮಾಯುತ್ತದೆ. ಐದರಿಂದ ಹತ್ತು ವರ್ಷ ಬರುತ್ತದೆ. ಆದರೆ ಇಡೀ ಕಾರಿಗೆ 70 ಸಾವಿರದಿಂದ ಎರಡು ಲಕ್ಷದವರೆಗೆ ಹೇಳುತ್ತಾರೆ. ಕಡಿಮೆಗೆ ಕೊಡುತ್ತೇವೆ ಎಂದರೆ ಹಾಳೆ ಟಿಪಿಯು ಹೌದಾ, ಪಿವಿಸಿಯಾ ಎಂದು ಕೇಳಿ. ಪಿವಿಸಿ ಬೇಗ ಹಳದಿಯಾಗುತ್ತದೆ, ತೆಗೆಯುವಾಗ ಅಂಟು ಬಿಡುತ್ತದೆ. ಇಡೀ ಕಾರಿಗೇ ಹಾಕಬೇಕೆಂದೂ ಇಲ್ಲ. ಬಂಪರ್, ಬಾನೆಟ್ಟಿನ ಮುಂದಿನ ಅಂಚು, ಕನ್ನಡಿಯ ಹಿಂಭಾಗ, ಬಾಗಿಲ ಅಂಚು, ಹಿಡಿಕೆಯ ಒಳಗುಳಿ ಇಷ್ಟಕ್ಕೇ ಹಾಕಿಸಿದರೆ ಖರ್ಚು ಬಹಳ ಕಡಿಮೆ.

"ನೈನ್ ಎಚ್" ಮತ್ತು ನೀರಿನ ಆಟ

ಅಂಗಡಿಯಲ್ಲಿ ಎರಡು ವಿಷಯಕ್ಕೆ ನಾವೆಲ್ಲ ಬೀಳುತ್ತೇವೆ. ಒಂದು "9ಎಚ್ ಗಟ್ಟಿತನ". ಇದು ಕೇಳಲು ವಜ್ರದ ಹತ್ತಿರ ಇದ್ದ ಹಾಗೆ ಇದೆ. ಅಸಲಿಗೆ ಇದು ಪೆನ್ಸಿಲ್ ಪರೀಕ್ಷೆ. ಮಕ್ಕಳ ಎಚ್‌ಬಿ ಪೆನ್ಸಿಲಿನ ಹಾಗೆಯೇ ಗಟ್ಟಿ ಸೀಸದ ಪೆನ್ಸಿಲುಗಳಿಗೆ 2ಎಚ್, 4ಎಚ್ ಎಂದು ಸಂಖ್ಯೆ ಇರುತ್ತದೆ. ಅದರಲ್ಲಿ 9ಎಚ್ ಅತಿ ಗಟ್ಟಿಯದು. ಅದರಿಂದ ಗೀರಿದರೂ ಗೀರು ಬೀಳದಿದ್ದರೆ 9ಎಚ್. ಪೆನ್ಸಿಲಿಗೆ ಗೀರು ಬೀಳದ ಪದರ ರಸ್ತೆಯ ಮರಳಿಗೆ ಬೀಳುವುದಿಲ್ಲ ಎಂದು ಅರ್ಥವಲ್ಲ. ಮರಳು ಪೆನ್ಸಿಲಿಗಿಂತ ಬಹಳ ಗಟ್ಟಿ.

ಎರಡನೆಯದು ನೀರಿನ ಆಟ. ಅರ್ಧ ಬಾನೆಟ್ಟಿಗೆ ಕೋಟಿಂಗ್ ಹಚ್ಚಿ, ನೀರು ಚಿಮುಕಿಸಿ, "ನೋಡಿ ಸಾರ್, ಹೇಗೆ ಉಂಡೆ ಕಟ್ಟುತ್ತೆ" ಎನ್ನುತ್ತಾರೆ. 500 ರೂಪಾಯಿಯ ವ್ಯಾಕ್ಸ್ ಹಚ್ಚಿದರೂ ನೀರು ಹಾಗೆಯೇ ಉಂಡೆ ಕಟ್ಟುತ್ತದೆ. ನೀರಿನ ಉಂಡೆ ಇವತ್ತಿನದ್ದನ್ನು ತೋರಿಸುತ್ತದೆ, ಮೂರು ವರ್ಷದ ನಂತರದ್ದನ್ನು ತೋರಿಸುವುದಿಲ್ಲ. ಅದನ್ನು ತಿಳಿಯಬೇಕಿದ್ದರೆ ಅವರೇ ಎರಡು ವರ್ಷದ ಹಿಂದೆ ಮಾಡಿಕೊಟ್ಟ ಒಂದು ಕಾರನ್ನು ತೋರಿಸಲು ಹೇಳಿ. ತೋರಿಸುವವರ ಹತ್ತಿರ ಮಾಡಿಸಿ.

ಕೋಟಿಂಗಿಗಿಂತ ಅದರ ಮುಂಚಿನ ಕೆಲಸ ಮುಖ್ಯ ಎಂಬುದನ್ನು ಎಲ್ಲ ಕುಶಲ ಕೆಲಸಗಾರರೂ ಒಪ್ಪಿದರು. ತೊಳೆದು, ಕ್ಲೇ ಉಜ್ಜಿ ಕಣಗಳನ್ನೆಲ್ಲ ತೆಗೆದು, ಬೇಕಿದ್ದರೆ ಹಗುರ ಪಾಲಿಶ್ ಮಾಡಿ, ಎಣ್ಣೆಯಂಶ ಒರೆಸಿ, ಧೂಳಿಲ್ಲದ ಕೋಣೆಯಲ್ಲಿ ಹಚ್ಚಬೇಕು. ಹಚ್ಚಿದ ಮೇಲೆ ಕನಿಷ್ಠ ಒಂದು ದಿನ ನೀರು ತಾಗಬಾರದು, ಒಂದು ವಾರ ಶಾಂಪೂ ಹಾಕಬಾರದು. ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ತೆಗೆದುಕೊಂಡು ಹೋಗಿ ಎಂದರೆ ಇಷ್ಟೆಲ್ಲ ಯಾವಾಗ ಮಾಡಿದರು? ಭಾವನ ಕಾರು ಸಿಕ್ಕಿದ್ದು ನಾಲ್ಕು ಗಂಟೆಯಲ್ಲಿ. ಅಂದು ಮಳೆಯೂ ಬಂದಿತ್ತು.

ಕಾಗದ ಓದಿ, ಆಮೇಲೆ ಹಣ ಕೊಡಿ

ಶೋರೂಮಿನ ಪಟ್ಟಿಯಲ್ಲಿ ಕೋಟಿಂಗ್ ಇದ್ದರೆ ಅದು ಕಡ್ಡಾಯವಲ್ಲ. ಬೇಡ ಎನ್ನಬಹುದು. ಹೊಸ ಕಾರಿನ ಸಂತೋಷದಲ್ಲಿ ಹೆಂಡತಿ ಮಕ್ಕಳು ಪಕ್ಕದಲ್ಲಿ ನಿಂತಿರುವಾಗ ಬೇಡ ಎನ್ನಲು ಸಂಕೋಚ, ಅದನ್ನೇ ಅವರೂ ನೋಡುತ್ತಿರುತ್ತಾರೆ. ಸಾಲದಲ್ಲಿ ಕಾರು ತೆಗೆಯುವವರು ಇನ್ನೂ ಎಚ್ಚರ ಇರಬೇಕು. ಆ 25–30 ಸಾವಿರವನ್ನು ಒಟ್ಟು ಮೊತ್ತಕ್ಕೆ ಸೇರಿಸಿಬಿಟ್ಟರೆ ಹೊಳಪಿಗೂ ಐದು ವರ್ಷ ಬಡ್ಡಿ ಕಟ್ಟಬೇಕಾಗುತ್ತದೆ. ಕಾರಿಗೆ ಬೇರೆ ದಾರಿಯಿಲ್ಲದೆ ಸಾಲ ಮಾಡಿದವರೂ ಮೇಣಕ್ಕೆ ಬಡ್ಡಿ ಕೊಡಬೇಕೇ, ಯೋಚಿಸಿ.

ಮಾಡಿಸುವುದೇ ಆದರೆ ಇಷ್ಟು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ:

- ಯಾವ ಕಂಪನಿಯ ಯಾವ ಬಾಟಲಿ? ನಿಮ್ಮ ಎದುರೇ ಸೀಲ್ ಒಡೆಯುತ್ತಾರಾ?
- ಎಷ್ಟು ಪದರ, ಯಾವ ಯಾವ ಭಾಗಕ್ಕೆ?
- ವಾರಂಟಿ ಕೊಡುವುದು ಅಂಗಡಿಯಾ, ಕಂಪನಿಯಾ? ಅಂಗಡಿ ಮುಚ್ಚಿದರೆ ಯಾರು?
- ಎಷ್ಟು ತಿಂಗಳಿಗೊಮ್ಮೆ ತಪಾಸಣೆ, ಅದಕ್ಕೆ ಪ್ರತಿ ಸಲ ಎಷ್ಟು ಹಣ?
- ನೀರಿನ ಕಲೆ, ಹಿಕ್ಕೆಯ ಕಲೆ ವಾರಂಟಿಯಲ್ಲಿ ಉಂಟಾ?
- ಹಚ್ಚುವ ಮುಂಚೆ ಬಣ್ಣದ ದಪ್ಪ ಮೀಟರ್ ಇಟ್ಟು ಅಳೆಯುತ್ತಾರಾ?

ಬಿಲ್ ಬೇಡ ಎಂದರೆ ಶೇ 18 ಜಿಎಸ್‌ಟಿ ಉಳಿಯುತ್ತದೆ ಎನ್ನುತ್ತಾರೆ. ಬಿಲ್ ಇಲ್ಲದಿದ್ದರೆ ನಾಳೆ ತೋರಿಸಲು ನಿಮ್ಮ ಕೈಯಲ್ಲಿ ಏನೂ ಇಲ್ಲ. ಬಿಲ್ ಇದ್ದರೆ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಇನ್ನೊಂದು, ಅಪಘಾತದಲ್ಲಿ ಬಂಪರ್ ಬದಲಿಸಿದರೆ ಅದರ ಮೇಲಿನ ಕೋಟಿಂಗ್ ಹಣ ಸಿಗುತ್ತದಾ ಎಂದು ವಿಮೆಯವರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಹಳೆ ಕಾರು ಕೊಳ್ಳುವವರಿಗೂ ಮಾರುವವರಿಗೂ ಒಂದು ಮಾತು. ಮಾರುವ ಮೊದಲು ಪಾಲಿಶ್ ಹೊಡೆಸಿ ಹೊಳಪು ಬರಿಸುವುದು ಎಲ್ಲರೂ ಮಾಡುವುದೇ, ಅದರಲ್ಲಿ ತಪ್ಪಿಲ್ಲ. ಅಪಘಾತವಾಗಿ ಪುಟ್ಟಿ ತುಂಬಿದ ಬಾಗಿಲನ್ನು ಹೊಳಪಿನ ಅಡಿ ಮುಚ್ಚಿ, ಹೇಳದೆ ಮಾರುವುದು ತಪ್ಪು. ಧಾನ್ಯದ ರಾಶಿಯ ಒಳಗೆ ಪ್ರವಾದಿಯವರು ಕೈ ಹಾಕಿದಾಗ ಒದ್ದೆ ಕೈಗೆ ತಾಗಿದ ಘಟನೆಯನ್ನು ಮದ್ರಸಾದಲ್ಲಿ ನಾವೆಲ್ಲ ಓದಿದ್ದೇವೆ. ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂಬುದೇ ಅಲ್ಲಿಯ ಪ್ರಶ್ನೆ. ಕೊಳ್ಳುವವರು ಬೆಳಗಿನ ಬಿಸಿಲಲ್ಲಿ ಕಾರನ್ನು ಓರೆಯಾಗಿ ನೋಡಿ. ಒಂದು ಬಾಗಿಲ ಬಣ್ಣ ಪಕ್ಕದ ಬಾಗಿಲಿಗಿಂತ ಬೇರೆ ಕಂಡರೆ, ದಪ್ಪ ಅಳೆಯುವ ಮೀಟರ್ ಇರುವವರನ್ನು ಕರೆಯಿರಿ. 100–140 ಇರಬೇಕಾದಲ್ಲಿ 400 ಮೈಕ್ರಾನ್ ತೋರಿಸಿದರೆ ಅಡಿಯಲ್ಲಿ ಪುಟ್ಟಿ ಇರಬೇಕು.

ಬಕೆಟ್ ಎರಡು, ಬಟ್ಟೆ ಮೆತ್ತಗಿನದು

ಭಾವನ ಬಾಗಿಲಿನ ಜೇಡರ ಬಲೆ ಎಲ್ಲಿಂದ ಬಂತು ಎಂದು ಹುಡುಕಿದಾಗ ಸಿಕ್ಕಿದ್ದು ನಮ್ಮದೇ ಮನೆಯ ಹಳದಿ ಬಟ್ಟೆ. ಬೆಳಿಗ್ಗೆ ಎದ್ದ ಕೂಡಲೇ ಒಣ ಬಟ್ಟೆಯಿಂದ ಧೂಳು ಒರೆಸುವುದು ಎಲ್ಲ ಮನೆಯಲ್ಲೂ ಉಂಟು. ಅದು ಧೂಳು ಒರೆಸುವುದಲ್ಲ, ಮರಳು ಕಾಗದದಿಂದ ಉಜ್ಜುವುದು. ಹಳೆ ಬನಿಯನ್, ಬಟ್ಟೆ ತೊಳೆಯುವ ಪುಡಿ, ಪಾತ್ರೆ ಸೋಪು ಇವೂ ಬೇಡ. ಪುಡಿ ಮತ್ತು ಸೋಪು ವ್ಯಾಕ್ಸನ್ನೂ ಸೀಲೆಂಟನ್ನೂ ತೊಳೆದುಹಾಕುತ್ತವೆ.

ಮೊದಲು ಬರೀ ನೀರು ಹಾಕಿ ಧೂಳು ಇಳಿಸಿ. ಒಂದು ಬಕೆಟ್ಟಿನಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಕಾರಿಗೆ ಉಜ್ಜಿದ ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ಅದ್ದಿ ಮರಳು ಬಿಡಿಸಿ, ಆಮೇಲೆ ಶಾಂಪೂವಿಗೆ. ಮೇಲಿನಿಂದ ಕೆಳಗೆ ಬನ್ನಿ, ಚಕ್ರದ ಹತ್ತಿರ ಕೊನೆಗೆ. ಬಿಸಿಲು ಏರುವ ಮುನ್ನ ಅಥವಾ ಅಸರ್ ನಂತರ ತೊಳೆಯಿರಿ, ಕೂಡಲೇ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಬೋರ್‌ವೆಲ್ ನೀರಿಗೆ ಇದಕ್ಕಿಂತ ದೊಡ್ಡ ಮದ್ದಿಲ್ಲ. ಹಿಕ್ಕೆ ಬಿದ್ದರೆ ಒದ್ದೆ ಬಟ್ಟೆ ಐದು ನಿಮಿಷ ಮೇಲಿಟ್ಟು, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ, ಉಜ್ಜಬೇಡಿ. ಊರಿನಿಂದ ಬಂದ ಮಾರನೇ ದಿನ ವಾಟರ್ ಸರ್ವಿಸ್‌ನಲ್ಲಿ ಅಡಿಗೆ ನೀರು ಹೊಡೆಸಿ ಉಪ್ಪು ಇಳಿಸಿ. ಬಾಗಿಲ ಕೆಳಗಿನ ತೂತು ಕಡ್ಡಿ ಹಾಕಿ ಬಿಡಿಸಿ. ಜಲ್ಲಿ ಬಡಿದ ಚುಕ್ಕಿಗೆ ಟಚ್‌ಅಪ್ ಬಣ್ಣದ ಸಣ್ಣ ಬಾಟಲಿ ಸಿಗುತ್ತದೆ. ಬಣ್ಣದ ಕೋಡ್ ಕಾರಿನ ಬಾಗಿಲ ಕಂಬದಲ್ಲೋ ಬಾನೆಟ್ ಒಳಗೋ ಬರೆದಿರುತ್ತದೆ. ಮೇಲೆ ಹೊದಿಸುವ ಕವರ್ ಧೂಳಿನ ಕಾರಿಗೆ ಹಾಕಿದರೆ, ಗಾಳಿಗೆ ಅಲುಗಿ ಅಲುಗಿ ಅದೂ ಗೀರುತ್ತದೆ. ಮಳೆಗಾಲದಲ್ಲಿ ಊರಲ್ಲಿ ಒದ್ದೆ ಕವರ್ ಮುಚ್ಚಿಟ್ಟರೆ ತೇವ ಒಳಗೇ ಉಳಿಯುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಮನೆಯೊಳಗೆ ಕಾರು ನಿಲ್ಲಿಸುವ ಜಾಗ ಇದ್ದು, ವಾರಕ್ಕೊಮ್ಮೆ ತೊಳೆಯುವ ಸಹನೆ ಇದ್ದರೆ ಸೀಲೆಂಟ್ ಸಾಕು. ಹೊಸ ಕಾರು, ಆರೇಳು ವರ್ಷ ಇಟ್ಟುಕೊಳ್ಳುವ ಉದ್ದೇಶ, ತಪಾಸಣೆಗೆ ತಪ್ಪದೆ ಹೋಗುತ್ತೇವೆ ಎನ್ನುವವರಿಗೆ ಸೆರಾಮಿಕ್ ಅರ್ಥವುಂಟು. ಘಾಟಿಯಲ್ಲಿ ಪದೇ ಪದೇ ಓಡಾಡುವವರು ಮುಂಭಾಗಕ್ಕೆ ಮಾತ್ರ ಪಿಪಿಎಫ್ ಯೋಚಿಸಿ. ಎರಡು ಮೂರು ವರ್ಷದಲ್ಲಿ ಮಾರುವವರು, ಬಾಡಿಗೆಗೆ ಓಡಿಸುವವರು ದೊಡ್ಡ ಕೋಟಿಂಗಿಗೆ ಹಣ ಹಾಕಬೇಡಿ, ಮಾರುವಾಗ ಅದರ ಬೆಲೆ ತಿರುಗಿ ಬರುವುದು ಕಷ್ಟ. ಮತ್ತು ವಾಟರ್ ಸರ್ವಿಸ್‌ನಲ್ಲಿ ಒಂದೇ ಬಟ್ಟೆಯಿಂದ ಇಪ್ಪತ್ತು ಕಾರು ಒರೆಸುವ ಕಡೆ ಬಿಡುವವರಾದರೆ ಯಾವ ಕೋಟಿಂಗೂ ನಿಲ್ಲುವುದಿಲ್ಲ.

ಈ ಸಂಗತಿ ಎಲ್ಲ ಕಲಿತು ಉಮ್ಮನ ಹತ್ತಿರ ಹೇಳಿದಾಗ ಅವರು ನಕ್ಕರು. ಕಡಲ ತಡಿಯಲ್ಲಿ ಅವರ ಬಾಪ ಮರದ ದೋಣಿಗೆ ಮೀನೆಣ್ಣೆಯನ್ನೂ ಗೇರುಬೀಜದ ಸಿಪ್ಪೆ ಎಣ್ಣೆಯನ್ನೂ ಬಳಿಯುತ್ತಿದ್ದರಂತೆ. "ಐದು ವರ್ಷಕ್ಕೊಮ್ಮೆಯಾ ಉಮ್ಮ?" ಎಂದು ಕೇಳಿದೆವು. "ಎಂತ ಮಾತು ನಿನ್ನದು? ಪ್ರತಿ ಮಳೆಗಾಲಕ್ಕೂ ದೋಣಿ ಮೇಲೆ ತಂದು ತೊಳೆದು ಒಣಗಿಸಿ ಬಳಿಯಬೇಕು. ಬಳಿಯುವವನ ಕಣ್ಣು ದೋಣಿಯ ಮೇಲಿರಬೇಕಲ್ಲ, ಅದಕ್ಕೆ" ಎಂದರು. ಬಳಿಯಲು ಕೂತಾಗಲೇ ಸೀಳು ಕಾಣುವುದು, ಸಡಿಲಾದ ಹಲಗೆ ಕಾಣುವುದು. ತಿರುಗಿ ನೋಡುವುದೇ ಬೇಡ ಎಂದು ಶೋರೂಮಿನ ಹುಡುಗ ಹೇಳಿದ್ದ. ನಾವು ಮೋಸಹೋದದ್ದು ಆ ಮಾತಿನಲ್ಲಿ. ನೋಡುವುದನ್ನು ಬಿಟ್ಟದ್ದರಿಂದಲೇ ಆ ಬಾನೆಟ್ ಹಾಳಾಯಿತು.

ಅಳಿಯನಿಗೆ ನಮ್ಮ ಉತ್ತರ ತಿಂಗಳು ಮುಗಿದ ಮೇಲೆ ಹೋಯಿತು. ಬಾನೆಟ್ಟಿನ ಕಲೆಗೆ ಒಂದೇ ಸಲ ಹಗುರ ಪಾಲಿಶ್, ಮೇಲೆ ಆರು ತಿಂಗಳಿಗೊಮ್ಮೆ ಅವನೇ ಹಚ್ಚುವ ಸೀಲೆಂಟ್. ಉಳಿದ ಹಣದಲ್ಲಿ, ಮನೆ ಮಾಲೀಕರ ಒಪ್ಪಿಗೆ ಕೇಳಿ, ಕಾಂಪೌಂಡ್ ಒಳಗೆ ಕಾರು ನಿಲ್ಲುವಷ್ಟು ಜಾಗಕ್ಕೆ ಶೀಟ್ ಹಾಕಿಸಿದ. ಶೀಟಿಗೆ ಖರ್ಚಾದದ್ದು ಆ ಕೋಟಿಂಗಿಗಿಂತ ಕಡಿಮೆ. ಈಗ ಭಾನುವಾರ ಬೆಳಿಗ್ಗೆ ಎರಡು ಬಕೆಟ್ ಹಿಡಿದು ಅಪ್ಪ ಮಗ ಇಬ್ಬರೂ ಕಾರಿನ ಸುತ್ತ ಇರುತ್ತಾರೆ. ಮೊನ್ನೆ ನಾವು ಹೋದಾಗ ಭಾವ ಬಂಪರಿನ ಅಡಿ ಬಗ್ಗಿ ನೋಡುತ್ತಿದ್ದರು. "ಉಸ್ತಾದೇ, ಇಲ್ಲೊಂದು ಸಣ್ಣ ಚುಕ್ಕಿ ಉಂಟು, ಬನ್ನಿ ನೋಡಿ" ಎಂದು ಕರೆದರು. ನಾವು ಮುಂಡು ಎತ್ತಿಕಟ್ಟಿ ಬಗ್ಗಿ ನೋಡಿದೆವು. ಈ ಸಲ ಏನು ಮಾಡಬೇಕೆಂದು ನಮಗೆ ಗೊತ್ತಿತ್ತು.